ಮೊದಲ ಸಲ ಲೇಡಿ ಡಾಕ್ಟರ್ ಹತ್ರ ಹೋಗೋ ಹುಡುಗೀರಿಗೆ ಒಳ್ಳೇ ಕ್ಲಿನಿಕ್ಕು, ರಿಸೆಪ್ಷನ್ ಮಾತ್ರ ಸುಧಾರಿಸ್ಬೇಕು

4 ಸ್ಟಾರ್ ಕೊಡ್ತಿದೀನಿ, ಬರೀ ಡಾಕ್ಟರ್‌ಗೆ ಅಂದ್ರೆ ಐದಕ್ಕೆ ಐದು. ತುಮಕೂರಲ್ಲಿ ಎಸ್.ಎಸ್. ಪುರಂ, ಬಿ.ಎಚ್. ರೋಡ್ ಸುತ್ತಮುತ್ತ ಹೆರಿಗೆ ಆಸ್ಪತ್ರೆಗಳಿಗೇನೂ ಕಮ್ಮಿ ಇಲ್ಲ, ಆದ್ರೆ ಮದುವೆ ಆಗದಿರೋ ಹುಡುಗೀನ ಮೊದಲ ಸಲ ಎಲ್ಲಿಗೆ ಕರ್ಕೊಂಡು ಹೋಗೋದು ಅಂತ ಕೇಳಿದ್ರೆ ಯಾರೂ ನೆಟ್ಟಗೆ ಹೇಳಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ತೋರಿಸಿದ್ದು ನಮ್ಮ ಚಿಕ್ಕಮ್ಮನ ಮಗಳಿಗೆ. 18 ವರ್ಷ, ಡಿಗ್ರಿ ಫಸ್ಟ್ ಇಯರ್. ಎರಡು ಮೂರು ತಿಂಗಳಾದ್ರೂ ಪೀರಿಯಡ್ಸ್ ಬರಲ್ಲ, ಬಂದಾಗ ಕಾಲೇಜಿಗೆ ಹೋಗೋಕಾಗದಷ್ಟು ಹೊಟ್ಟೆನೋವು. ಊರ ಕಡೆ ಯಾರೋ ಹೇಳಿದ್ರು ಅಂತ ಮೊದಲೇ ಒಂದು ಕಡೆ ಸ್ಕ್ಯಾನಿಂಗ್ ಮಾಡ್ಸಿದ್ರು, ರಿಪೋರ್ಟಲ್ಲಿ ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಪೀರಿಯಡ್ಸ್ ತಪ್ಪೋ ಅಂಡಾಶಯದ ಸಮಸ್ಯೆ) ಅಂತ ಬರ್ದಿದ್ದು ನೋಡಿ ಚಿಕ್ಕಮ್ಮ ಮುಂದೆ ಇವಳಿಗೆ ಮಕ್ಕಳಾಗಲ್ವೇನೋ ಅಂತ ಸರಿಯಾಗಿ ಊಟಾನೇ ಮಾಡ್ತಿರಲಿಲ್ಲ. ಹುಡುಗೀದು ಬೇರೆ ಭಯ, ಒಳಗೆಲ್ಲ ಕೈ ಹಾಕಿ ನೋಡ್ತಾರೆ ಅಂತ ಹಾಸ್ಟೆಲಲ್ಲಿ ಯಾರೋ ಹೇಳಿದ್ರಂತೆ.

ಆ ಭಯ ಹೋಗಿದ್ದು ಹಿಂದಿನ ದಿನ ಕ್ಲಿನಿಕ್ಕಿಗೆ ಫೋನ್ ಮಾಡಿದ್ರಿಂದ. ಸಿಸ್ಟರ್ ಎಷ್ಟು ಸಮಾಧಾನವಾಗಿ ಹೇಳಿದ್ರು ಅಂದ್ರೆ, ಮದುವೆ ಆಗದಿರೋರಿಗೆ ಒಳಗಿನ ಪರೀಕ್ಷೆ ಸಾಮಾನ್ಯವಾಗಿ ಮಾಡಲ್ಲ ಮೇಡಂ, ಮೊದಲ ಸಲ ಜಾಸ್ತಿ ಮಾತುಕತೇನೇ ಇರುತ್ತೆ, ಬೇಕಾದ್ರೆ ಹೊಟ್ಟೆ ಮೇಲಿಂದ ಮುಟ್ಟಿ ನೋಡ್ತಾರೆ ಅಂದ್ರು. ಕಳೆದ ಆರು ತಿಂಗಳ ಡೇಟ್, ಎಷ್ಟು ದಿನ ಹೋಗುತ್ತೆ, ದಿನಕ್ಕೆ ಎಷ್ಟು ಪ್ಯಾಡ್, ಗಡ್ಡೆ ಗಡ್ಡೆ ಹೋಗುತ್ತಾ, ನೋವಿಗೆ ಯಾವ ಮಾತ್ರೆ ತಗೋತಾಳೆ, ಮನೇಲಿ ಯಾರಿಗಾದ್ರೂ ಥೈರಾಯ್ಡ್, ಶುಗರ್ ಇದ್ಯಾ ಇದೆಲ್ಲ ಬರ್ಕೊಂಡು ಬನ್ನಿ ಅಂತಾನೂ ಹೇಳಿದ್ರು. ಹುಡುಗಿ ತಾನೇ ಕೂತ್ಕೊಂಡು ಮೊಬೈಲಲ್ಲಿ ಬರ್ಕೊಂಡ್ಳು, ಅಮ್ಮನ ಮುಂದೆ ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಗೋದೆಲ್ಲ ಅದ್ರಲ್ಲೇ ಇತ್ತು. ಟೈಟ್ ಜೀನ್ಸ್ ಬೇಡ, ಲೂಸ್ ಟಾಪ್ ಪ್ಯಾಂಟ್ ಹಾಕ್ಕೊಂಡು ಹೋಗಿ ಸಾಕು, ಬೇರೇನೂ ತಯಾರಿ ಬೇಡ. ಪೀರಿಯಡ್ಸ್ ಟೈಮಲ್ಲಿ ಹೋದ್ರೂ ತೊಂದರೆ ಇಲ್ಲ.

ಈಗ ಬೇಜಾರಾಗಿದ್ದು ಹೇಳ್ತೀನಿ. ಕೌಂಟರಲ್ಲಿ ಟೋಕನ್ ಕೊಡೋರು ತುಂಬಿದ ಹಾಲಲ್ಲಿ ಎಲ್ಲರಿಗೂ ಕೇಳೋ ಹಾಗೆ ಏನ್ ಪ್ರಾಬ್ಲಮ್ಮು, ಮದ್ವೆ ಆಗಿದ್ಯಾ ಅಂತ ಕೇಳಿದ್ರು. ಸುತ್ತ ಚೆಕಪ್ಪಿಗೆ ಬಂದ ಬಸುರಿ ಹೆಂಗಸ್ರು, ಅವರ ಗಂಡಂದ್ರು, ಅತ್ತೆಯಂದ್ರು. ಹುಡುಗಿ ತಲೆ ಬಗ್ಗಿಸಿದವಳು ಎತ್ತಲೇ ಇಲ್ಲ. ದಯವಿಟ್ಟು ಒಂದು ಚೀಟಿ ಕೊಟ್ಟು ಅದ್ರಲ್ಲಿ ಬರೆಸ್ಕೊಳ್ಳಿ, ಅಥವಾ ಒಳಗೆ ಸಿಸ್ಟರ್ ಕೇಳ್ಲಿ. ಒಂದು ಸ್ಟಾರ್ ಕಟ್ ಮಾಡಿರೋದು ಇದಕ್ಕೇ.

ಒಳಗೆ ಹೋದ್ಮೇಲೆ ಪೂರ್ತಿ ಬೇರೆ ಥರ. ಡಾಕ್ಟರ್ ಮೇಡಂ ಚಿಕ್ಕಮ್ಮನ ಕಡೆ ತಿರುಗಲೇ ಇಲ್ಲ, ಸೀದಾ ಹುಡುಗೀನ "ಏನಮ್ಮ, ನೀನೇ ಹೇಳು, ಏನಾಗ್ತಿದೆ" ಅಂದ್ರು. ಚಿಕ್ಕಮ್ಮ ಮಧ್ಯ ಬಾಯಿ ಹಾಕಿದ್ರೆ, "ಅಮ್ಮ, ನಿಮ್ಮನ್ನೂ ಕೇಳ್ತೀನಿ, ಮೊದಲು ಅವಳು ಹೇಳ್ಲಿ" ಅಂದ್ರು. ಆಮೇಲೆ ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ಹೊರಗೆ ಕಳಿಸಿ ಅವಳೊಬ್ಬಳ ಹತ್ರ ಮಾತಾಡಿದ್ರು. ಚಿಕ್ಕಮ್ಮನಿಗೆ ಅದು ಸರಿಬರಲಿಲ್ಲ, ತಾಯಿಗೆ ಗೊತ್ತಿಲ್ಲದ್ದು ಏನಿರುತ್ತೆ ಅಂತ ಬಾಗಿಲ ಹತ್ರಾನೇ ನಿಂತಿದ್ರು. ನನಗಂತೂ ಈ ಕ್ಲಿನಿಕ್ಕಲ್ಲಿ ಎಲ್ಲಕ್ಕಿಂತ ಹಿಡಿಸಿದ್ದೇ ಇದು, ತಾಯಂದಿರು ಆ ಹತ್ತು ನಿಮಿಷ ಹೊರಗೆ ಕೂರೋದು ಮಗಳಿಗೆ ಎಷ್ಟು ದೊಡ್ಡ ಸಹಾಯ ಅಂದ್ರೆ, ಹೊರಗೆ ಬಂದಾಗ ಅವಳ ಮುಖಾನೇ ಬೇರೆ ಆಗಿತ್ತು. ಏನು ಕೇಳಿದ್ರು ಅಂತ ನಾವು ಕೇಳಲಿಲ್ಲ, ನೀವೂ ಕೇಳ್ಬೇಡಿ. ಪರೀಕ್ಷೆ ಮಾಡೋವಾಗ ಸಿಸ್ಟರ್ ಪಕ್ಕದಲ್ಲೇ ಇದ್ರು, ಪರದೆ ಎಳೆದಿದ್ರು, ಈಗ ಹೊಟ್ಟೆ ಮುಟ್ತೀನಿ ಅಂತ ಹೇಳಿನೇ ಮುಟ್ಟಿದ್ದು.

ಪಿಸಿಓಡಿ ರಿಪೋರ್ಟ್ ನೋಡಿ ಮೇಡಂ ಹೇಳಿದ್ದು ಇದು. ದೊಡ್ಡವಳಾಗಿ 8 ವರ್ಷ ಆಗೋವರೆಗೂ ಬರೀ ಸ್ಕ್ಯಾನ್ ನೋಡಿ ಪಿಸಿಓಡಿ ಅಂತ ನಿರ್ಧಾರ ಮಾಡೋ ಹಾಗಿಲ್ಲ, ಈ ವಯಸ್ಸಲ್ಲಿ ಅಂಡಾಶಯ ಸ್ಕ್ಯಾನಲ್ಲಿ ಹಾಗೆ ಕಾಣೋದು ತುಂಬ ಜನಕ್ಕೆ ಇರುತ್ತೆ, 2023ರ ಅಂತಾರಾಷ್ಟ್ರೀಯ ಗೈಡ್‌ಲೈನಲ್ಲೇ ಇದೆ ಅಂತ. ಇವಳು ದೊಡ್ಡವಳಾಗಿ ಇನ್ನೂ ಐದೇ ವರ್ಷ. ಹಾಗಂತ ಬಿಡೋ ಹಾಗೂ ಇಲ್ಲವಂತೆ, ಮೂರು ವರ್ಷ ದಾಟಿದ ಮೇಲೂ 35 ದಿನಕ್ಕಿಂತ ತಡ ಆಗ್ತಾನೇ ಇದ್ರೆ ಕಾರಣ ಹುಡುಕಬೇಕು ಅಂತ ಥೈರಾಯ್ಡು, ಪ್ರೊಲ್ಯಾಕ್ಟಿನ್ನು, ಟೆಸ್ಟೋಸ್ಟೆರಾನು ಅನ್ನೋ ಹಾರ್ಮೋನುಗಳು, ಹಿಮೋಗ್ಲೋಬಿನ್ನು ಟೆಸ್ಟ್ ಬರ್ಕೊಟ್ರು. ಮುಖದ ಮೇಲೆ ಕೂದಲು, ಮೊಡವೆ ಇದನ್ನೆಲ್ಲ ಕೇಳಿದ್ರು. ಮಕ್ಕಳ ಬಗ್ಗೆ ಚಿಕ್ಕಮ್ಮ ಕೇಳಿದಾಗ, ಪಿಸಿಓಡಿ ಅಂತಾನೇ ಗೊತ್ತಾದ್ರೂ ತುಂಬ ಜನಕ್ಕೆ ಮಕ್ಕಳಾಗ್ತವೆ ಅಂದ್ರು. ಅವತ್ತು ರಾತ್ರಿ ಚಿಕ್ಕಮ್ಮ ಹೊಟ್ಟೆ ತುಂಬ ಊಟ ಮಾಡಿದ್ರು.

ಮತ್ತೆ ಸ್ಕ್ಯಾನ್ ಮಾಡಿಸ್ಲಿಲ್ಲ. ನಿಮಗೆ ಬರ್ಕೊಟ್ರೆ, ಒಂದು ಗಂಟೆ ಮುಂಚೆ ನೀರು ಕುಡ್ದು ಮೂತ್ರ ಕಟ್ಕೊಂಡಿರಬೇಕು, ಹೊಟ್ಟೆ ಮೇಲಿಂದಾನೇ ಮಾಡ್ತಾರೆ. ಗರ್ಭಕಂಠದ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆ ಬಗ್ಗೆನೂ ಹೇಳಿದ್ರು, 15 ದಾಟಿದೋರಿಗೆ ಸಾಮಾನ್ಯವಾಗಿ ಮೂರು ಡೋಸು, 2023ರಿಂದ ನಮ್ಮ ದೇಶದ್ದೇ ಲಸಿಕೆ ಸರ್ವಾವ್ಯಾಕ್ ಸಿಗುತ್ತೆ, ಯೋಚನೆ ಮಾಡಿ ಹೇಳಿ ಅಂದ್ರು, ಬಲವಂತ ಇಲ್ಲ.

ಫೀಸ್ 400. ರೇಟ್ ಬೋರ್ಡ್ ಗೋಡೆ ಮೇಲೇ ಇದೆ, ರಿಪೋರ್ಟ್ ತೋರಿಸೋಕೆ ಮತ್ತೆ ತಗೊಳ್ಳಲ್ಲ. ಇದೂ ಕಷ್ಟ ಅನ್ನೋರು 10ರಿಂದ 19 ವರ್ಷದ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಇರೋ ಸ್ನೇಹ ಕ್ಲಿನಿಕ್ ವಿಚಾರಿಸಿ, ಅಲ್ಲಿ ಹಣ ತಗೊಳ್ಳಲ್ಲ. ಇಲ್ಲಿಗೇ ಬರೋದಾದ್ರೆ ಬೆಳಿಗ್ಗೆ ಬೇಡ, ಗರ್ಭಿಣಿಯರ ಚೆಕಪ್ ರಶ್ ಇರುತ್ತೆ. ಸಂಜೆ ಆರರ ಮೇಲೆ ಹಾಲ್ ಖಾಲಿ ಇರುತ್ತೆ, ಮೇಡಂ ಕೂಡ ಆರಾಮಾಗಿ ಮಾತಾಡ್ತಾರೆ.