ಕಾಳಿಯ ದೋಣಿ, ಗಣೇಶಗುಡಿಯ ಹೈಡ್, ಶಿರಸಿಯ ಕಾಲುದಾರಿ: ಹಕ್ಕಿ ಫೋಟೋಗೆ ಯಾವುದು?

ಹಕ್ಕಿ ಫೋಟೋ ಶುರು ಮಾಡುವವರು ಮೊದಲು ಕೇಳುವುದು ಲೆನ್ಸ್ ವಿಷಯ. ಯಾವ ಕಂಪನಿ, ಎಷ್ಟು ಎಂಎಂ, ಸೆಕೆಂಡ್ ಹ್ಯಾಂಡ್ ಸಿಗುತ್ತಾ? ನಾನು ತಿರುಗಿ ಕೇಳುವುದು ಇನ್ನೊಂದು. ಹಕ್ಕಿ ಹತ್ತಿರ ಹೇಗೆ ಹೋಗ್ತೀರಿ? ದೋಣಿ ಹತ್ತಿ ಹೋಗಬಹುದು. ನೀರಿನ ತೊಟ್ಟಿ ಪಕ್ಕದ ಹೈಡ್‌ನಲ್ಲಿ, ಅಂದರೆ ಹಕ್ಕಿಗೆ ಕಾಣದ ಮರೆಯಲ್ಲಿ, ಕೂರಬಹುದು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಡೆಯಬಹುದು. ನಮ್ಮ ಉತ್ತರ ಕನ್ನಡದಲ್ಲಿ ಮೂರೂ ಜಿಲ್ಲೆಯೊಳಗೇ ಸಿಗುತ್ತವೆ. ನನ್ನ ಮನೆ ಕಾರವಾರ. ಮೂರನ್ನೂ ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಒಂದನ್ನೇ ಆರಿಸು ಅಂದರೆ ದೋಣಿ ಅನ್ನುತ್ತೇನೆ. ದೋಣಿ ಸೋಲುವ ಜಾಗಗಳೂ ಇವೆ, ಅವನ್ನೂ ಹೇಳುತ್ತೇನೆ.

ನನ್ನ ಹತ್ತಿರ ಎರಡು ಲೆನ್ಸ್ ಇವೆ. ಒಂದು ಟ್ಯಾಮ್ರಾನ್ 150-600 ಎಂಎಂ (ಎಂಎಂ ಹೆಚ್ಚಿದಷ್ಟು ಹಕ್ಕಿ ಹತ್ತಿರ ಕಾಣುತ್ತದೆ), ಸುಮಾರು 2 ಕಿಲೋ ತೂಕ. 600ಕ್ಕೆ ಎಳೆದಾಗ ಇದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್ 6.3; ಈ ಸಂಖ್ಯೆ ಚಿಕ್ಕದಾದಷ್ಟು ಬೆಳಕು ಜಾಸ್ತಿ. ಇನ್ನೊಂದು ನಿಕಾನ್ 300 ಎಂಎಂ ಎಫ್ 4 ಪಿಎಫ್, ತೂಕ 755 ಗ್ರಾಂ. ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್‌ನ) ಕ್ಯಾಮೆರಾಗೆ ಹಾಕಿದರೆ ಮೊದಲನೆಯದು 900 ಎಂಎಂನಷ್ಟು ಹತ್ತಿರ ತೋರಿಸುತ್ತದೆ, ಎರಡನೆಯದು 450. ಆದರೆ ಬೆಳಕಿನ ಲೆಕ್ಕದಲ್ಲಿ ಚಿಕ್ಕದೇ ಮುಂದೆ. ದೊಡ್ಡದರಲ್ಲಿ ಐಎಸ್ಒ (ಏರಿಸಿದರೆ ಕತ್ತಲಲ್ಲೂ ಚಿತ್ರ ಸಿಗುತ್ತದೆ, ಆದರೆ ಕಾಳುಕಾಳಾಗುತ್ತದೆ) 6400 ಬೇಕಾಗುವ ಕಡೆ ಚಿಕ್ಕದರಲ್ಲಿ 2500 ಸಾಕು. ಈ ವ್ಯತ್ಯಾಸ ಹೊಳೆಯ ಮೇಲೆ ಗೊತ್ತೇ ಆಗುವುದಿಲ್ಲ. ಕಾಡಿನೊಳಗೆ ಅದೇ ಎಲ್ಲ.

ಈಗ ದೋಣಿ. ಕಾಳಿ ನದಿ ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಕಾರವಾರದ ಪಕ್ಕದ ಸದಾಶಿವಗಡ ಗುಡ್ಡದ ಬುಡದಲ್ಲಿ ಸಮುದ್ರ ಸೇರುತ್ತದೆ. ಈ ಕೊನೆಯ ಭಾಗ ಅಳಿವೆ. ಎರಡೂ ದಡದಲ್ಲಿ ಕಾಂಡ್ಲಾ ಕಾಡು, ಅಲ್ಲಲ್ಲಿ ಕುದುರು (ಹೊಳೆ ನಡುವಿನ ನಡುಗಡ್ಡೆ). ಇಲ್ಲಿ ಹಕ್ಕಿ ದಡದಿಂದ ನೋಡಿದರೆ ದೂರ, ನೀರಿನಿಂದ ನೋಡಿದರೆ ಹತ್ತಿರ. ಗದ್ದೆ ಬದುವಿನ ಮೇಲೆ ಮನುಷ್ಯ ಎದ್ದು ನಿಂತರೆ ಬೆಳ್ಳಕ್ಕಿ ತಕ್ಷಣ ಹಾರುತ್ತದೆ. ಅದೇ ಬೆಳ್ಳಕ್ಕಿ ತೇಲಿಕೊಂಡು ಬರುವ ದೋಣಿಯನ್ನು ಸುಮ್ನೆ ನೋಡುತ್ತಾ ನಿಲ್ಲುತ್ತದೆ. ದಿನವೂ ಮೀನು ಹಿಡಿಯುವ ದೋಣಿಗಳನ್ನು ಕಂಡಿದೆ, ಅಲ್ವಾ?

ಆದರೆ ಮಷಿನ್ ಬಂದ್ ಇರಬೇಕು. ನಾನು ದೋಣಿಯಣ್ಣನಿಗೆ ಮೊದಲೇ ಹೇಳಿಡುತ್ತೇನೆ: ಹೋಗುವಾಗ ಬೇಗ ಹೋಗಿ, ಬರುವಾಗ ನೀರು ಕರೆದುಕೊಂಡು ಬರಲಿ. ಇದರಲ್ಲಿ ಬೆಳಕಿನ ಲೆಕ್ಕವೂ ಇದೆ. ಹೊಳೆ ಹರಿಯುವುದು ಪಶ್ಚಿಮಕ್ಕೆ. ಸೂರ್ಯ ಬರುವುದು ಘಟ್ಟದ ಕಡೆಯಿಂದ. ಬೆಳಿಗ್ಗೆ ಮೇಲಕ್ಕೆ ಹೋಗುವಾಗ ಬೆಳಕು ಕಣ್ಣಿಗೇ ಹೊಡೆಯುತ್ತದೆ, ಹಕ್ಕಿಗಳೆಲ್ಲ ಕಪ್ಪು ನೆರಳು. ಮಬ್ಬುಗತ್ತಲೆಯಲ್ಲೇ ಮೇಲೆ ಹೋಗಿ ಮುಟ್ಟಿ, ಇಳಿತದ ಜೊತೆ ತೇಲಿ ಬಂದರೆ ಬೆಳಕು ಬೆನ್ನಿಗೆ ಇರುತ್ತದೆ. ನೀರು ಇಳಿದ ಹಾಗೆ ಕೆಸರಿನ ದಿಬ್ಬಗಳು ಎದ್ದು ಬರುತ್ತವೆ. ಚಳಿಗಾಲದಲ್ಲಾದರೆ ಗೊರವಗಳು ಆ ಕೆಸರಿಗೆ ಮೇಯಲು ಇಳಿಯುತ್ತವೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮುಂಚೆ ನೀರು ತುಂಬಿ, ಬೆಳಗಾದ ಮೇಲೆ ಇಳಿಯುವ ದಿನಗಳು ಹೆಚ್ಚುಕಡಿಮೆ 15 ದಿನಕ್ಕೊಮ್ಮೆ ಬರುತ್ತವೆ. ಯಾವ ದಿನ ಅಂತ ಮೀನುಗಾರರಿಗೆ ಬಾಯಿಪಾಠ. ಅವರನ್ನು ಕೇಳಿಯೇ ದಿನ ಗೊತ್ತು ಮಾಡಿ.

ದೋಣಿಯಲ್ಲಿ ಟ್ರೈಪಾಡ್ ಕೆಲಸಕ್ಕೆ ಬರುವುದಿಲ್ಲ. ದೋಣಿಯ ಅಲುಗಾಟ ಕಾಲುಗಳ ಮೂಲಕ ಸೀದಾ ಲೆನ್ಸ್‌ಗೇ ಬರುತ್ತದೆ. ಹಲಗೆ ಬಿಟ್ಟು ತಳದಲ್ಲಿ ಕೂತು, ಮೊಣಕೈಯನ್ನು ಮೊಣಕಾಲಿಗೆ ಊರಿ ಹಿಡಿಯುವುದೇ ಒಳ್ಳೆಯದು. ತಳದಲ್ಲಿ ಕೂತಾಗ ಇನ್ನೊಂದು ಲಾಭವಿದೆ. ಲೆನ್ಸ್ ನೀರಿನ ಮಟ್ಟಕ್ಕೆ ಹತ್ತಿರ ಬರುತ್ತದೆ, ಹಕ್ಕಿಯ ಕಣ್ಣು ನಮ್ಮ ಕಣ್ಣಿನ ಎತ್ತರದಲ್ಲಿ ಸಿಗುತ್ತದೆ. ಹಿಂದಿನ ದಡ ದೂರ ಇರುವುದರಿಂದ ಹಿನ್ನೆಲೆ ತಾನಾಗಿ ಕರಗುತ್ತದೆ. ಇಂಥ ಚಿತ್ರವನ್ನು ಎಷ್ಟೇ ದುಬಾರಿ ಲೆನ್ಸ್ ಇದ್ದರೂ ಸೇತುವೆ ಮೇಲಿಂದ ತೆಗೆಯಲು ಆಗದು. ಶಟರ್ ವೇಗ ಸೆಕೆಂಡಿನ 1/1600ಕ್ಕಿಂತ ಕೆಳಗೆ ಇಳಿಸಬೇಡಿ. ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕ ತಡೆಯುತ್ತದೆ, ಹಾರುವ ಗರುಡನನ್ನು ತಡೆಯುವುದಿಲ್ಲ. ಕಾಂಡ್ಲಾದ ಕಡು ಹಸಿರಿನ ಮುಂದೆ ಬಿಸಿಲಲ್ಲಿ ನಿಂತ ಬೆಳ್ಳಕ್ಕಿಗೆ ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧಕ್ಕೆ) ಕಡಿಮೆ ಮಾಡಿ, ಇಲ್ಲದಿದ್ದರೆ ಗರಿ ಸುಣ್ಣ ಬಳಿದ ಹಾಗೆ ಆಗುತ್ತದೆ.

ಇಲ್ಲಿ ಗೆಲ್ಲುವುದು 150-600. ಹೆಮ್ಮಿಂಚುಳ್ಳಿ ಸ್ವಲ್ಪ ತಾಳಿಕೊಳ್ಳುತ್ತದೆ. ಚಳಿಗಾಲಕ್ಕೆ ಬರುವ ಕರಿತಲೆ ಮಿಂಚುಳ್ಳಿ ಬಹಳ ಹೆದರುಪುಕ್ಕ. ಅದಕ್ಕೆ 300 ಸಾಲದು. ಬಿಳಿ ಹೊಟ್ಟೆಯ ಸಮುದ್ರ ಹದ್ದು ಮೇಲೆ ಹಾದು ಹೋದರೆ ಜೂಮ್ ಇದ್ದದ್ದಕ್ಕೆ ಖುಷಿಯಾಗುತ್ತದೆ: 200ರಲ್ಲಿ ಹುಡುಕಿ, 500ಕ್ಕೆ ಎಳೆದು ಹೊಡೆಯಬಹುದು. ದೋಣಿಯಲ್ಲಿ ಮೂರಕ್ಕಿಂತ ಜಾಸ್ತಿ ಜನ ಬೇಡ. ಒಬ್ಬರು ತಿರುಗಿದರೆ ಎಲ್ಲರ ಫ್ರೇಮೂ ತಿರುಗುತ್ತದೆ. ಮನೆಗೆ ಬಂದ ಮೇಲೆ ಉಪ್ಪುನೀರಿನ ಹನಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ.

ಕಾಳಿಯಲ್ಲಿ ನಡೆಯುವ ಉಪಾಯ ಅಘನಾಶಿನಿಯಲ್ಲಿ ಅಷ್ಟು ನಡೆಯುವುದಿಲ್ಲ. 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಅಳಿವೆ ಅದು. ತದಡಿ ಕಡೆ ಇಳಿತದಲ್ಲಿ ಕೆಸರು ಬಯಲು ಅಗಲವಾಗಿ ಹರಡಿಕೊಳ್ಳುತ್ತದೆ, ಜನ ಇಳಿದು ಬಳಚು (ಚಿಪ್ಪುಮೀನು) ಹೆಕ್ಕುತ್ತಾರೆ, ಹಕ್ಕಿಗಳೂ ಅಲ್ಲೇ. ದೋಣಿಗೆ ಅಷ್ಟು ಒಳಗೆ ಹೋಗಲು ನೀರಿಲ್ಲ. ಅಲ್ಲಿ ಗಜನಿ (ಉಪ್ಪುನೀರು ನುಗ್ಗುವ) ಗದ್ದೆಯ ಕಟ್ಟೆಯ ಮೇಲೆ ಕುಕ್ಕುರುಗಾಲಲ್ಲಿ ಕೂತು, ಉಬ್ಬರ ಏರುತ್ತಾ ಹಕ್ಕಿಗಳನ್ನು ನಮ್ಮ ಕಡೆ ತಳ್ಳಲಿ ಅಂತ ಕಾಯಬೇಕು.

ಹೈಡ್‌ನ ಕಥೆಯೇ ಬೇರೆ. ಅಣಶಿ ಘಾಟ್ ಹತ್ತಿ ಜೋಯಿಡಾ ದಾಟಿದರೆ ಗಣೇಶಗುಡಿ. ಅಲ್ಲಿಯ ಓಲ್ಡ್ ಮ್ಯಾಗಜಿನ್ ಹೌಸ್ ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ. ಈಗ ಅದನ್ನು ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ವಸತಿಗೃಹವಾಗಿ ನಡೆಸುತ್ತದೆ. ಕಾಡಿನ ಅಂಚಿನಲ್ಲಿ ಸಣ್ಣ ನೀರಿನ ತೊಟ್ಟಿಗಳು, ಎದುರಿಗೆ ನಾವು. ಶಾಮ, ಕಿತ್ತಳೆ ತಲೆಯ ನೆಲಸಿಳ್ಳಾರ, ಕೆಂಪು ಕತ್ತಿನ ಪಿಕಳಾರ ಸ್ನಾನಕ್ಕೆ ಬರುತ್ತವೆ. ಕಾಡಿನಲ್ಲಿ ತಿಂಗಳುಗಟ್ಟಲೆ ಅಲೆದರೂ ಬರೀ ಕೂಗು ಕೇಳಿಸಿ ಮಾಯವಾಗುವ ಹಕ್ಕಿಗಳು ಇಲ್ಲಿ ಕೆಲವೇ ಮೀಟರ್ ದೂರದಲ್ಲಿ ರೆಕ್ಕೆ ಬಡಿಯುತ್ತಾ ನಿಂತಿರುತ್ತವೆ. ಮೊದಲ ಸಲ ನೋಡಿದವರಿಗೆ ಗಂಟಲು ಕಟ್ಟುತ್ತದೆ. ನನಗೆ ಇವತ್ತಿಗೂ ಹಾಗೇ. ಕಾಡಿನೊಳಗೆ ನೀರು ಬತ್ತುವ ಮಾರ್ಚ್‌ನಿಂದ ಮೇ ತಿಂಗಳಲ್ಲಿ ತೊಟ್ಟಿಗೆ ಹಕ್ಕಿಗಳ ಓಡಾಟ ಜಾಸ್ತಿ. ಚಳಿಗಾಲದ ಅತಿಥಿಗಳು ಬೇಕೆಂದರೆ ಅದಕ್ಕೂ ಮುಂಚೆ ಹೋಗಬೇಕು.

ಇಲ್ಲಿ 300 ಎಫ್ 4 ರಾಜ. ಮರದಡಿ ಬೆಳಕು ಕಡಿಮೆ, ದೂರವೂ ಕಡಿಮೆ. 1/250, ಐಎಸ್ಒ 2500ರಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ. 600ರಲ್ಲಿ ಹಕ್ಕಿಯ ಬಾಲ ಫ್ರೇಮಿನ ಹೊರಗೆ ಹೋಗುತ್ತದೆ. ಶಾಮದಂಥ ಉದ್ದ ಬಾಲದ ಹಕ್ಕಿಗೆ ಅದು ಅನ್ಯಾಯ. ಸೈಲೆಂಟ್ ಶಟರ್ ಇದ್ದರೆ ಹಾಕಿಕೊಳ್ಳಿ. ವಯಸ್ಸಾದವರಿಗೆ, ಮಕ್ಕಳಿಗೆ, ಹಕ್ಕಿಯ ನಡವಳಿಕೆ ಕಲಿಯುವವರಿಗೆ ಹೈಡ್‌ಗಿಂತ ಒಳ್ಳೆಯ ಶಾಲೆ ಇಲ್ಲ. ಆದರೂ ನಾನು ಅದನ್ನು ಎರಡನೆಯದಾಗಿ ಇಡುವುದಕ್ಕೆ ಕಾರಣವಿದೆ. ಯಾವ ಹೈಡ್‌ನಲ್ಲೇ ಆಗಲಿ ಕೊಂಬೆ ಅದೇ, ಕೋನ ಅದೇ, ಹಿನ್ನೆಲೆ ಅದೇ. ನಿಮ್ಮ ಚಿತ್ರ ಯಾವುದು, ಪಕ್ಕದವರದು ಯಾವುದು ಅಂತ ಬೇರೆ ಮಾಡುವುದು ಕಷ್ಟ.

ನಡಿಗೆಯಲ್ಲಿ ಚಿತ್ರ ಬಹಳ ಕಡಿಮೆ ಸಿಗುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡು ಹೊರಡಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ನಮ್ಮಿಷ್ಟದಂತೆ ನಡೆಯುವ ಹಾಗಿಲ್ಲ, ಅದು ಸರಿಯೂ ಹೌದು. ಹೊರಗೆ ಬೇಕಷ್ಟು ಜಾಗವಿದೆ. ದಾಂಡೇಲಿ ಟಿಂಬರ್ ಡಿಪೋಗೆ ಅನುಮತಿ ಪಡೆದು ಬೆಳಿಗ್ಗೆ ಹೋದರೆ ಮಲಬಾರ್ ಕಪ್ಪು ಬಿಳಿ ಮಂಗಟ್ಟೆ (ಹಾರ್ನ್‌ಬಿಲ್) ಕಾಣುತ್ತದೆ. ಶಿರಸಿ ಕಡೆ ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟಗಳಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡು) ಗುರುತಿನವರ ಜೊತೆ ಓಡಾಡಬಹುದು. ಮಳೆ ಬಿದ್ದ ಮೇಲೆ ಉಂಬಳ ತಪ್ಪಿದ್ದಲ್ಲ.

ಮಂಗಟ್ಟೆ ಹಣ್ಣಿನ ಮರದ ತುದಿಯಲ್ಲಿ ಕೂರುತ್ತದೆ. ಹಿಂದೆ ಬಿಳಿ ಆಕಾಶ. ಎಕ್ಸ್‌ಪೋಶರ್ ಒಂದೂವರೆ ಸ್ಟಾಪ್ ಏರಿಸದಿದ್ದರೆ ಕೊಕ್ಕು ಬಿಟ್ಟು ಏನೂ ಕಾಣದು. ಕಾಕರಣೆ ಹಕ್ಕಿಯದ್ದು (ಮಲಬಾರ್ ಟ್ರೋಗನ್) ಇನ್ನೊಂದು ರೀತಿ. ಅಲುಗಾಡದೆ ಕೂರುತ್ತದೆ, ಆದರೆ ನಮ್ಮನ್ನು ಕಂಡರೆ ಕೆಂಪು ಹೊಟ್ಟೆ ಮರೆಸಿ ಕಂದು ಬೆನ್ನು ತಿರುಗಿಸುತ್ತದೆ. ಆಗ ಮುಂದೆ ಹೋಗಬೇಡಿ, ನಿಂತುಬಿಡಿ. ಎಷ್ಟೋ ಸಲ ಅದೇ ತಿರುಗುತ್ತದೆ. 2 ಕಿಲೋ ಲೆನ್ಸ್ ಎತ್ತಿ ಹಿಡಿದು ಅಷ್ಟು ಹೊತ್ತು ಕಾಯಲು ಕೈ ಬರುವುದಿಲ್ಲ. ನಡಿಗೆಗೂ ನನ್ನ ಆಯ್ಕೆ ಚಿಕ್ಕ ಲೆನ್ಸ್.

ಬ್ಲೂಟೂತ್ ಸ್ಪೀಕರ್‌ನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಸುವುದು ನಡಿಗೆಯವರಲ್ಲಿ ಹೆಚ್ಚು. ದಯವಿಟ್ಟು ಬೇಡ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ ಆ ಹಕ್ಕಿ ಮೇವು, ಮರಿ ಬಿಟ್ಟು ಓಡಿ ಬರುತ್ತದೆ. ಮಂಗಟ್ಟೆ ಗೂಡಿನ ಮರದಡಿ ನಿಲ್ಲುವುದೂ ಅಷ್ಟೇ ಕೆಟ್ಟದ್ದು. ಹೆಣ್ಣು ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಂಡಿರುತ್ತದೆ, ಸಣ್ಣ ಸೀಳೊಂದೇ ತೆರೆದಿರುತ್ತದೆ. ಅದಕ್ಕೂ ಮರಿಗೂ ಗಂಡು ತಂದ ಆಹಾರವೇ ಗತಿ. ನಾವು ಕೆಳಗೆ ನಿಂತಷ್ಟು ಹೊತ್ತು ಗಂಡು ಹತ್ತಿರ ಬರಲು ಹಿಂಜರಿಯುತ್ತದೆ.

ಹೊಸಬರಿಗೆ ನನ್ನ ಸಲಹೆ ಇಷ್ಟು. ದೊಡ್ಡ ಲೆನ್ಸ್‌ಗೆ ಸಾಲ ಮಾಡುವ ಮೊದಲು ಇರುವ ಲೆನ್ಸ್ ಹಿಡಿದು ಒಮ್ಮೆ ದೋಣಿ ಹತ್ತಿ. ಇಬ್ಬರು ಗೆಳೆಯರು ಸೇರಿದರೆ ಬಾಡಿಗೆ ಹಗುರ. ಹಕ್ಕಿ ನಿಜಕ್ಕೂ ದೂರವಾಯಿತಾ, ನಾವು ಕೂತ ಜಾಗ ಸರಿ ಇರಲಿಲ್ಲವಾ ಅಂತ ಅಲ್ಲೇ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿದಾಗ ದೋಣಿ ಬಿಟ್ಟುಬಿಡುತ್ತೇನೆ. ಆಗ ಸೋಂದಾ ಹತ್ತಿರದ ಮುಂಡಿಗೆಕೆರೆ. ನೀರಿನ ನಡುವಿನ ಮುಂಡಿಗೆ (ಕೇದಗೆ ಜಾತಿಯ ಗಿಡ) ಪೊದೆಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಮೋಡದ ಬೆಳಕಿನಲ್ಲಿ ಬಿಳಿ ಗರಿಯ ಒಂದೊಂದು ಎಳೆಯೂ ಉಳಿಯುತ್ತದೆ. ದೊಡ್ಡ ಲೆನ್ಸ್, ಮಳೆಗೆ ಕವರ್, ಒಂದು ಕೊಡೆ ಸಾಕು. ಕೆರೆಯ ದಂಡೆಯಿಂದಲೇ ತೆಗೆಯಿರಿ. ತಾಯಿ ಹೆದರಿ ಎದ್ದರೆ ಮರಿಗಳು ಮಳೆಗೂ ಕಾಗೆಗೂ ಸಿಗುತ್ತವೆ.