ಮೇಡನ್, ಪ್ರೀಸ್ಟ್, ಡಿಯೊ: ಹೆವಿ ಮೆಟಲ್ ಕೇಳೋಕೆ ಯಾವುದರಿಂದ ಶುರು ಮಾಡಬೇಕು?

ಹೆವಿ ಮೆಟಲ್ (ಅಬ್ಬರದ ಗಿಟಾರ್‌ನ ರಾಕ್ ಸಂಗೀತ) ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಮೂರು ಆಲ್ಬಂ ಹೇಳುತ್ತೇನೆ. ಐರನ್ ಮೇಡನ್ ತಂಡದ ‘ದಿ ನಂಬರ್ ಆಫ್ ದಿ ಬೀಸ್ಟ್’, ಜೂಡಸ್ ಪ್ರೀಸ್ಟ್ ತಂಡದ ‘ಸ್ಕ್ರೀಮಿಂಗ್ ಫಾರ್ ವೆಂಜನ್ಸ್’, ಡಿಯೊ ತಂಡದ ‘ಹೋಲಿ ಡೈವರ್’. ಮೊದಲೆರಡು ಬಂದಿದ್ದು 1982ರಲ್ಲಿ, ಮೂರನೆಯದು 1983ರಲ್ಲಿ. ಮೂರೂ ಸುಮಾರು 40 ನಿಮಿಷದವು. ಈಚೆಗೆ ಮೂರನ್ನೂ ಹಿಂದೆಮುಂದೆ ಮಾಡಿ ಮತ್ತೆ ಕೇಳಿದೆ. ಹೆಡ್‌ಫೋನ್‌ನಲ್ಲಿ, ಮನೆಯ ಸ್ಪೀಕರ್‌ನಲ್ಲಿ, ಬಸ್ಸಿನಲ್ಲಿ. ಒಂದನ್ನೇ ಆರಿಸು ಅಂದರೆ ನನ್ನ ಆಯ್ಕೆ ಡಿಯೊ.

ಈ ಹಳೇ ಕಾಲದ ಮೆಟಲ್‌ನಲ್ಲಿ ನನ್ನನ್ನು ಹಿಡಿದಿಟ್ಟಿರುವುದು ರಾಗ. ಹಾಡಿನ ಸಾಲು ನೆನಪಿಲ್ಲದಿದ್ದರೂ ಗಿಟಾರ್ ನುಡಿಸಿದ್ದನ್ನು ಬಾಯಲ್ಲಿ ಗುನುಗಬಹುದು. ಮೂರನ್ನೂ ಕೇಳುವಾಗ ನಾನು ಗಮನಿಸಿದ್ದು ಅದನ್ನೇ. ಆಲ್ಬಂ ಮುಗಿದ ಮೇಲೆ ನಾಲಿಗೆ ಮೇಲೆ ಏನು ಉಳಿಯುತ್ತದೆ?

ಮೇಡನ್‌ನಿಂದ ಶುರು ಮಾಡೋಣ. ಬೆಂಗಳೂರಿನವರಿಗೆ ಈ ತಂಡ ಹೊಸದಲ್ಲ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಬಂದು ನುಡಿಸಿ ಹೋದವರು, 2009ರಲ್ಲಿ ಮತ್ತೆ ಬಂದರು. ‘ನಂಬರ್ ಆಫ್ ದಿ ಬೀಸ್ಟ್’ ಬ್ರೂಸ್ ಡಿಕಿನ್ಸನ್ ಈ ತಂಡಕ್ಕೆ ಹಾಡಿದ ಮೊದಲ ಆಲ್ಬಂ. ಆದರೆ ತಂಡವನ್ನು ನಡೆಸುವುದು ಸ್ಟೀವ್ ಹ್ಯಾರಿಸ್‌ನ ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್. ಆತ ಬೆರಳಲ್ಲೇ ನುಡಿಸುತ್ತಾನೆ. ‘ರನ್ ಟು ದಿ ಹಿಲ್ಸ್’ ಹಾಡಿನಲ್ಲಿ ತಾಂ-ತಕ ತಾಂ-ತಕ ಅಂತ ಓಡುವ ಆ ನಡೆ ಒಮ್ಮೆ ಕಿವಿಗೆ ಬಿದ್ದರೆ ಕಾಲು ಸುಮ್ನೆ ಕೂರುವುದಿಲ್ಲ.

ಕೊನೆಯ ಹಾಡು ‘ಹ್ಯಾಲೋಡ್ ಬಿ ದೈ ನೇಮ್’. ನನ್ನ ಪ್ರಕಾರ ಈ ಮೂರೂ ಆಲ್ಬಂಗಳ ಅತ್ಯುತ್ತಮ ಹಾಡು ಇದೇ. ಗಲ್ಲಿಗೆ ಹೋಗಬೇಕಾದವನು ಜೈಲಿನ ಕೋಣೆಯಲ್ಲಿ ಕಾಯುತ್ತಿದ್ದಾನೆ. ಗಂಟೆ ಹೊಡೆಯುತ್ತದೆ. ಡಿಕಿನ್ಸನ್ ಮೊದಲು ತಗ್ಗಿದ ದನಿಯಲ್ಲಿ ಹಾಡುತ್ತಾನೆ, ಆಮೇಲೆ ಒಂದು ಸ್ವರವನ್ನು ಮೇಲೆತ್ತಿ ಬಿಡದೆ ಹಿಡಿಯುತ್ತಾನೆ. ಉಸಿರು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಎರಡೂ ಗಿಟಾರ್‌ಗಳು ಮುಖ್ಯ ರಾಗ ಹಿಡಿದು ಬರುತ್ತವೆ. 7 ನಿಮಿಷಕ್ಕೂ ಜಾಸ್ತಿ ಇರುವ ಹಾಡು, ಆದರೆ ಎಲ್ಲೂ ಎಳೆದಂತೆ ಅನ್ನಿಸುವುದಿಲ್ಲ.

ಹಾಗಿದ್ದರೆ ಮೇಡನ್‌ಗೇ ಮೊದಲ ಸ್ಥಾನ ಕೊಡಬಹುದಿತ್ತಲ್ವಾ? ತೊಂದರೆ ಇರುವುದು ಉಳಿದ ಕೆಲವು ಹಾಡುಗಳಲ್ಲಿ. ಶುರುವಿಗೇ ಬರುವ ‘ಇನ್ವೇಡರ್ಸ್’ ಸಾಧಾರಣ. ‘ಗ್ಯಾಂಗ್‌ಲ್ಯಾಂಡ್’ ಇನ್ನೂ ಕಡಿಮೆ. ಅದನ್ನು ಆಲ್ಬಂಗೆ ಹಾಕಿ, ಅದಕ್ಕಿಂತ ಎಷ್ಟೋ ಚೆನ್ನಾಗಿರುವ ‘ಟೋಟಲ್ ಎಕ್ಲಿಪ್ಸ್’ ಹಾಡನ್ನು ಸಿಂಗಲ್‌ನ, ಅಂದರೆ ಒಂದು ಹಾಡಿಗಾಗಿ ಬಿಡಿಯಾಗಿ ತರುವ ರೆಕಾರ್ಡ್‌ನ, ಹಿಂಬದಿಗೆ ತಳ್ಳಿದರು. ನನಗೆ ಇವತ್ತಿಗೂ ಅದು ಬೇಜಾರು. ಹೊಸಬರು ಮೊದಲ ಹಾಡಿನಲ್ಲೇ ಆಫ್ ಮಾಡಿಬಿಟ್ಟರೆ ಕೊನೆಯ ಹಾಡಿನವರೆಗೆ ಬರುವುದೇ ಇಲ್ಲ. ಇನ್ನೊಂದು ಮಾತು, ಇದನ್ನು ಬಸ್ಸಿನಲ್ಲಿ ಕೇಳಬೇಡಿ. ಎಂಜಿನ್ ಸದ್ದಿನಲ್ಲಿ ಹ್ಯಾರಿಸ್‌ನ ಬೇಸ್ ಮುಳುಗಿಹೋಗುತ್ತದೆ.

ಬಸ್ಸಿಗೆ ಪ್ರೀಸ್ಟ್ ಸರಿ. ಶುರುವಾಗುವ ರೀತಿಯಲ್ಲಂತೂ ಈ ಆಲ್ಬಂ ಉಳಿದೆರಡನ್ನೂ ಮೀರಿಸುತ್ತದೆ. ‘ದಿ ಹೆಲಿಯನ್’ ಅಂತ ಒಂದು ನಿಮಿಷವೂ ಇಲ್ಲದ ತುಣುಕು, ಅದರಲ್ಲಿ ಹಾಡುವವರಿಲ್ಲ. ಕೆ.ಕೆ. ಡೌನಿಂಗ್ ಮತ್ತು ಗ್ಲೆನ್ ಟಿಪ್ಟನ್ ಗಿಟಾರ್‌ಗಳು ಒಂದೇ ರಾಗವನ್ನು ಬೇರೆಬೇರೆ ಸ್ವರದಲ್ಲಿ ಒಟ್ಟಿಗೆ ಏರಿಸುತ್ತವೆ. ನಿಲ್ಲದೆ ಅದೇ ‘ಎಲೆಕ್ಟ್ರಿಕ್ ಐ’ ಹಾಡಿಗೆ ಸೇರಿಕೊಳ್ಳುತ್ತದೆ. ಆಕಾಶದಿಂದ ಎಲ್ಲರನ್ನೂ ಸದಾ ನೋಡುತ್ತಿರುವ ಉಪಗ್ರಹವೇ ಮಾತಾಡುವ ಹಾಡು ಅದು. 1982ರಲ್ಲಿ ಬರೆದದ್ದು ಅಂತ ನೆನೆದರೆ ಮೈ ಜುಂ ಅನ್ನುತ್ತದೆ. ಗಾಯಕ ರಾಬ್ ಹ್ಯಾಲ್‌ಫರ್ಡ್ ಅದನ್ನು ತಣ್ಣಗೆ, ಭಾವನೆಯೇ ಇಲ್ಲದವನಂತೆ ಶುರು ಮಾಡುತ್ತಾನೆ. ಆಲ್ಬಂನ ಹೆಸರಿನ ಹಾಡಿಗೆ ಬರುವಷ್ಟರಲ್ಲಿ ಅದೇ ಗಂಟಲು ತಾರಸ್ಥಾಯಿಯನ್ನೂ ದಾಟಿ ಹೋಗಿರುತ್ತದೆ.

ಮಧ್ಯದಲ್ಲಿ ಮಾತ್ರ ಸ್ವಲ್ಪ ಸೊರಗುತ್ತದೆ. ‘ಪೇನ್ ಅಂಡ್ ಪ್ಲೆಶರ್’ ನನಗೆ ರುಚಿಸಲಿಲ್ಲ. ಕೊನೆ ಗಳಿಗೆಯಲ್ಲಿ ಸೇರಿಸಿದ ‘ಯೂ ಹ್ಯಾವ್ ಗಾಟ್ ಅನದರ್ ಥಿಂಗ್ ಕಮಿಂಗ್’ ಅಮೆರಿಕದ ರೇಡಿಯೊದಲ್ಲಿ ಭಾರಿ ಹಿಟ್ ಆಯಿತು. ಒಳ್ಳೆಯ ಹಾಡೇ, ಆದರೆ ಎರಡನೇ ಸಲ ಕೇಳಿದಾಗ ಹೊಸದೇನೂ ಸಿಗುವುದಿಲ್ಲ.

ಇನ್ನು ‘ಹೋಲಿ ಡೈವರ್’. ತಂಡಕ್ಕೆ ತನ್ನ ಹೆಸರನ್ನೇ ಇಟ್ಟ ಗಾಯಕ ರಾನಿ ಜೇಮ್ಸ್ ಡಿಯೊ ಅಷ್ಟರಲ್ಲಾಗಲೇ ರೇನ್‌ಬೋ, ಬ್ಲ್ಯಾಕ್ ಸಬ್ಬತ್ ಎರಡೂ ತಂಡಗಳಲ್ಲಿ ಹಾಡಿ ಹೊರಬಂದಿದ್ದ. ಆಗ ಅವನಿಗೆ 40 ವರ್ಷ. ಜೊತೆಗೆ ಸೇರಿಸಿಕೊಂಡ ಗಿಟಾರ್ ಹುಡುಗ ವಿವಿಯನ್ ಕ್ಯಾಂಪ್‌ಬೆಲ್‌ಗೆ 20. ಹುಡುಗನ ಆತುರ, ದೊಡ್ಡವನ ಹಿಡಿತ ಎರಡೂ ಪ್ರತಿ ಹಾಡಿನಲ್ಲೂ ಕೇಳುತ್ತವೆ. ಮೇಡನ್, ಪ್ರೀಸ್ಟ್ ಎರಡರಲ್ಲೂ ಗಿಟಾರ್ ವಾದಕರು ಇಬ್ಬಿಬ್ಬರು. ಇಲ್ಲಿ ಒಬ್ಬನೇ. ಹಾಗಾಗಿ ದನಿಗೆ ಜಾಗ ಜಾಸ್ತಿ. ಆ ದನಿಯ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತದೆ. ಡಿಯೊ ಚಿಕ್ಕಂದಿನಲ್ಲಿ ಟ್ರಂಪೆಟ್ ಕಲಿತವನು. ಉಸಿರಿನ ಮೇಲಿನ ಹಿಡಿತ ಅಲ್ಲಿಂದಲೇ ಬಂತು ಅಂತ ಅವನೇ ಹೇಳುತ್ತಿದ್ದ.

‘ಡೋಂಟ್ ಟಾಕ್ ಟು ಸ್ಟ್ರೇಂಜರ್ಸ್’ ಹಾಕಿ ನೋಡಿ. ಮೆಲ್ಲಗೆ ಮೀಟುವ ಗಿಟಾರ್. ಮಗುವಿಗೆ ಬುದ್ಧಿ ಹೇಳುವಂಥ ದನಿ. ಒಂದು ನಿಮಿಷದ ಹೊತ್ತಿಗೆ ಡ್ರಮ್ಸ್ ಅಪ್ಪಳಿಸುತ್ತದೆ, ಬುದ್ಧಿ ಹೇಳುತ್ತಿದ್ದವನ ದನಿಯೇ ಅಪಾಯದ ದನಿಯಾಗುತ್ತದೆ. ಅದೇ ಗಾಯಕ, ಅದೇ ಹಾಡು, ಮನುಷ್ಯನೇ ಬೇರೆ ಅನ್ನಿಸುತ್ತದೆ. ‘ರೇನ್‌ಬೋ ಇನ್ ದಿ ಡಾರ್ಕ್’ ಹಾಡಿನ ಕೀಬೋರ್ಡ್ ರಾಗ ಮೊದಲ ಸಲಕ್ಕೇ ಬಾಯಿಗೆ ಬರುತ್ತದೆ. ಡಿಯೊಗೆ ಆ ಹಾಡು ಇಷ್ಟವೇ ಆಗಿರಲಿಲ್ಲವಂತೆ, ಟೇಪ್ ಕತ್ತರಿಸಿ ಎಸೆಯಲು ಹೊರಟಿದ್ದನಂತೆ. ಸದ್ಯ, ತಂಡದವರು ಬಿಡಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಹೆಸರಿನ ಹಾಡು ಶುರುವಾಗುವ ಮುಂಚೆ ಒಂದು ನಿಮಿಷಕ್ಕೂ ಹೆಚ್ಚು ಗಾಳಿ ಬೀಸುವ ಸದ್ದನ್ನೇ ಕೇಳಬೇಕು. ಹುಲಿ, ಕಾಮನಬಿಲ್ಲು, ಕತ್ತಲು ಅಂತ ಬರುವ ಸಾಲುಗಳಿಗೆ ನೇರ ಅರ್ಥ ಹುಡುಕಿದರೆ ಸಿಗುವುದಿಲ್ಲ. ಆದರೆ ನಡುವೆ ಯಾವ ಹಾಡನ್ನೂ ದಾಟಿಸಬೇಕು ಅನ್ನಿಸುವುದಿಲ್ಲ. ಉಳಿದೆರಡರ ಬಗ್ಗೆ ನಾನು ಆ ಮಾತು ಹೇಳಲಾರೆ.

ಡಿಯೊ ಹಿಡಿಸಿದರೆ ಮುಂದೆ ಪ್ರೀಸ್ಟ್‌ಗೆ ಹೋಗಿ. ಮೇಡನ್ ಆಲ್ಬಂ ಕೊನೆಗಿರಲಿ. ಅದನ್ನು ಮಾತ್ರ ಮನೆಯಲ್ಲೇ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಬಿಡುವಿದ್ದಾಗ ಮೊದಲಿಂದ ಕೊನೆವರೆಗೆ ಕೇಳಿ.