ಕೌಲ್ ಬಜಾರ್ ಕಡೆ ಲೇತ್ ಅಂಗಡಿ, ಬಳ್ಳಾರಿ: ಮಾಡೆಲ್ ವಿಮಾನದ ಗಾಲಿ ರಿಪೇರಿ

ಐದಕ್ಕ ನಾಲ್ಕು ಸ್ಟಾರ್. ಕೆಲಸಕ್ಕ ಐದೂ ಕೊಡಬೋದಿತ್ತು, ಒಂದು ಯಾಕ ಕಟ್ ಅಂತ ಆಮ್ಯಾಲ ಹೇಳ್ತೀನಿ.

ನಮ್ಮ ಅಕ್ಕನ ಮಗ ಪೀಟನ್‌ಪೋಲ್ ಏರ್ ಕ್ಯಾಂಪರ್ ಅನ್ನೋ ವಿಮಾನದ ರಿಮೋಟ್ ಮಾಡೆಲ್ ಕಟ್ಯಾನ, ಬಾಲ್ಸಾ ಕಟ್ಟಿಗಿದು. ಅದರ ಒರಿಜಿನಲ್ ಕೂಡ ಮನ್ಯಾಗ ಕಟ್ಟಿದ್ದು, 1920ರ ದಶಕದ ಕೊನಿಗೆ ಅಮೆರಿಕದ ಬರ್ನಾರ್ಡ್ ಪೀಟನ್‌ಪೋಲ್ ಅನ್ನೋರು ಫೋರ್ಡ್ ಮಾಡೆಲ್ ಎ ಕಾರಿನ ಇಂಜಿನ್ ಕೂಡಿಸಿ ಹಾರಿಸಿದ್ದು, ಈಗ್ಲೂ ಮಂದಿ ಪ್ಲ್ಯಾನ್ ತಗೊಂಡು ಕಟ್ತಾರ. ನೋಡಾಕ ಚಂದ, ಇಳಸೋದು ಮಾತ್ರ ಫಜೀತಿ. ಮುಂದ ಎರಡು ಗಾಲಿ, ಭಾರ ಆ ಗಾಲಿಗಿಂತ ಹಿಂದ, ಹಂಗಾಗಿ ನೆಲದ ಮ್ಯಾಲ ಓಡೋವಾಗ ಸ್ವಲ್ಪ ಅಡ್ಡ ತಿರುಗಿದ್ರೂ ಬಾಲ ಮುಂದಕ್ಕ ಬರಾಕ ನೋಡ್ತೈತಿ, ಗಿರಕ್ಕನ ಸುತ್ತಿಬಿಡ್ತೈತಿ, ಗ್ರೌಂಡ್ ಲೂಪ್ ಅಂತಾರಲ್ಲ ಅದು.

ಅದ ಆತು. ಕಡ್ಲಿ ಕಿತ್ತ ಎರಿ ಹೊಲ, ಬ್ಯಾಸಗಿ, ಅಡ್ಡ ಗಾಳಿ ಬ್ಯಾರೆ, ನೆಲದ ಬಿರುಕಿನಾಗ ಎಡಗಾಲಿ ಸಿಕ್ಕು ವಿಮಾನ ಸುತ್ತಿ ಮೂಗು ಊರಿತು. ಪ್ರೊಪೆಲ್ಲರ್ ಹೋತು, ಗಾಲಿ ಕಂಬಿ ಜಾಯಿಂಟ್ ಬಿಟ್ಟು ತಿರುಚಿಕೊಂತು, ರೆಕ್ಕಿ ಉಳದಿದ್ದ ಪುಣ್ಯ.

ಮೊದಲು ಬ್ಯಾರೆ ಒಂದು ಕಡೆ ಕೊಟ್ವಿ, ಆತ ಭರ್ರಂತ ವೆಲ್ಡಿಂಗ್ ಹೊಡದು ಕೊಟ್ಟ, ಮುಂದಿನ ಸಲ ಇಳಿಯೋದ್ರಾಗ ವೆಲ್ಡಿಂಗ್ ಪಕ್ಕಕ್ಕ ಪಟ್ ಅಂತ ಕಟ್. ಈ ಅಂಗಡಿ ಚಾಚಾ ಕಂಬಿನ ಬಗ್ಗಿಸಿ ನೋಡಿ, "ಸ್ಪ್ರಿಂಗ್ ಸ್ಟೀಲ್ ಇದು, ಬೆಂಕಿ ತೋರಿಸಿದ್ರ ಹದ ಹೋಗ್ತೈತಿ, ನಾ ವೆಲ್ಡಿಂಗ್ ಮಾಡಲ್ಲ ನೋಡಪ" ಅಂದುಬಿಟ್ರು. ಬರೋ ಗಿರಾಕಿ ದುಡ್ಡು ಬಿಟ್ಟು ಹಿಂಗ ಹೇಳೋರು ಎಷ್ಟು ಮಂದಿ ಅದಾರ? ಹೊಸಾ 4 ಎಂಎಂ ಕಂಬಿ ವೈಸ್‌ಗೆ ಕಚ್ಚಿಸಿ ತಣ್ಣಗಿದ್ದಂಗ ಬಗ್ಗಿಸಿದ್ರು, ಮೂಲಿ ಚೂಪಾಗದಂಗ ದುಂಡಗ, ಯಾಕಂದ್ರ ಚೂಪು ಮೂಲ್ಯಾಗ ಬೇಗ ಮುರೀತೈತಂತ. ಜಾಯಿಂಟಿಗೆ ಸಣ್ಣ ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿ ಮ್ಯಾಲ ಸೋಲ್ಡರ್ ಹರಿಸಿದ್ರು, ಅದಕ್ಕ ವೆಲ್ಡಿಂಗ್‌ನಷ್ಟು ಕಾವು ಬೇಕಾಗಲ್ಲ. ಬಾಲದಿಂದ ದಾರ ಹಿಡದು ಎರಡೂ ಗಾಲಿ ನೆಟ್ಟಗ ಅದಾವಿಲ್ಲ ಅಂತಾನೂ ನೋಡಿದ್ರು, ಅದನ್ನ ನಾವು ಕೇಳಿರಲೂ ಇಲ್ಲ. ತಗೊಂಡಿದ್ದು 250 ರೂಪಾಯಿ. ಆಮ್ಯಾಲ ಅದ ಹೊಲದಾಗ ಕುಕ್ಕರಿಸಿ ಇಳದ್ರೂ ಕಂಬಿ ಸ್ವಲ್ಪ ಅಗಲ ಆಗೋದು, ವಾಪಸ್ ಬರೋದು.

ಕಟ್ ಆದ ಸ್ಟಾರ್ ಕಥಿ: ಟ್ರ್ಯಾಕ್ಟರ್ ಸಾಮಾನು ಬಂತಂದ್ರ ನಿಮ್ಮದು ಮೂಲಿಗೆ, ನಾಳೆ ಬಾ ನಾಡಿದ್ದು ಬಾ ಅಂತಾರ, ಫೋನ್ ಎತ್ತಲ್ಲ. ಬಿಲ್ ಕೇಳಬ್ಯಾಡ್ರಿ. ಶುಕ್ರವಾರ ಮಧ್ಯಾಹ್ನ ಹೋಗಬ್ಯಾಡ್ರಿ, ನಮಾಜಿಗೆ ಬಂದ್ ಇರ್ತೈತಿ. ಮತ್ತ ಗಾಲಿ ಸೆಟ್ ಬಿಚ್ಚಿಕೊಂಡು ಅಷ್ಟ ಒಯ್ರಿ, ವಿಮಾನ ಪೂರ್ತಿ ಒಯ್ದ್ರ ಬಿಳಿ ರೆಕ್ಕಿ ತುಂಬಾ ಗ್ರೀಸ್ ಕೈ.